ಯಾವ ‘ಪರ್ವಾಯಿಲ್ಲ’?

“ಸೀರೆ ಮೊಣಕಾಲ ತನಕ ಎತ್ತಿ, ಪಾಟಿ.”

ಡಾಕ್ಟರ್ ಅಜ್ಜಿಯರನ್ನು ತಮಿಳಿನಲ್ಲಿ ‘ಪಾಟಿ’ ಎಂದೇ ಕರೆಯುತ್ತಿದ್ದ.

ಬೆಂಚಿನ ಮೇಲೆ ಕೂತಿದ್ದ ಮಾದಮ್ಮನ ಕೈ ಸೀರೆಯ ಅಂಚನ್ನು ಇನ್ನಷ್ಟು ಕೆಳಕ್ಕೆ, ಕಾಲ್ಬೆರಳು ಮುಚ್ಚುವ ತನಕ ಎಳೆಯಿತು. ಗೋಡೆಗುಂಟ ಕೂತಿದ್ದ, ಸೇಲಂನ ಗುಗೈ ಬೀದಿಯ ನೇಕಾರ ಹೆಂಗಸರು ನೆಲ ನೋಡಿದರು. ಸಿರಿಂಜು ಹಿಡಿದಿದ್ದ ಡಾಕ್ಟರ್ ಪುರಂದರ ಅದೇ ಮಾತನ್ನು ಇನ್ನೊಮ್ಮೆ ಹೇಳಲು ಬಾಯಿ ತೆರೆದ.

“ಡಾಕ್ಟ್ರೇ, ನಮ್ಮಜ್ಜಿ ನಮ್ ತಾತನ ಮುಂದೂ ಮಂಡಿ ತೋರ್ಸಿದೋಳಲ್ಲ. ನೀವು ಆಕಡೆ ತಿರುಗಿ.”

ಮಾತಾಡಿದ್ದು ಮುದುಕಿಯ ಪಕ್ಕ ನಿಂತಿದ್ದ ಮೊಮ್ಮಗಳು, ಭಾಮಾ.

“ಆಕಡೆ ತಿರುಗಿದ್ರೆ ಊಸಿ ಯಾರಿಗೆ ಹಾಕ್ಲಿ?”

“ಗೋಡೆಗಾಕಿ.”

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಪುರಂದರನ ಕಿವಿ ಕೆಂಪಾಯಿತು. ಆದರೂ ತಿರುಗಿ ನಿಂತ.

ಹಿಂದೆ ಬಟ್ಟೆಯ ಸರಬರ ಸದ್ದು. ಆಮೇಲೆ ಅವಳ ದನಿ.

“ಈಗ ನೋಡಿ.”

ಭಾಮಾ ಎರಡು ಟವೆಲು ಹರಡಿದ್ದಳು. ಒಂದು ಮಂಡಿಯ ಮೇಲೆ, ಒಂದು ಕೆಳಗೆ. ನಡುವೆ ಕಾಣುತ್ತಿದ್ದದ್ದು ಊದಿದ ಒಂದು ಮಂಡಿ ಮಾತ್ರ. ಅದು ಯಾರದೆಂದು ಹೇಳುವಂತೆಯೇ ಇರಲಿಲ್ಲ.

“ಕಾಲಿಲ್ಲ ಡಾಕ್ಟ್ರೇ. ಮಂಡಿ ಒಂದೇ ಐತೆ. ಹಾಕಿ.”

ಅವನು ಆ ಮಂಡಿಯನ್ನು ನೋಡಬೇಕಿತ್ತು. ನೋಡಿದ್ದು ಟವೆಲಿನ ಅಂಚು ಹಿಡಿದಿದ್ದ ಕೈಗಳನ್ನು… ಬೆರಳ ತುದಿಗೆ ನೂಲಿನ ನೀಲಿ ಬಣ್ಣ ಹತ್ತಿತ್ತು.

“ಪ್ರತಿ ಗುರುವಾರ ಬರ್ತೀರಾ?” ಎಂದ. ಕೇಳಬೇಕೆಂದು ಅವನು ಅಂದುಕೊಂಡೇ ಇರಲಿಲ್ಲ.

*

ಭಾಷೆಗೊಂದು ರಾಜ್ಯ ಎಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದ ೧೯೫೬ನೆಯ ಇಸವಿ ಅದು. ಸೇಲಂನ ಕನ್ನಡದವರು ಗೆರೆಯ ಈಚೆಗೆ, ಮದ್ರಾಸ್ ರಾಜ್ಯದಲ್ಲೇ ಉಳಿದರು. ಪುರಂದರನ ಗೆರೆ ಅದಕ್ಕಿಂತ ಎಷ್ಟೋ ಮೊದಲೇ ಬಿದ್ದಿತ್ತು. ನೂಲಂಗಡಿ ನಂಜಪ್ಪನ ಮಗನಾದ ಅವನನ್ನು ಚಿಕ್ಕಂದಿನಲ್ಲೇ ಮದ್ರಾಸಿಗೆ ಓದಲು ಕಳಿಸಿದ್ದರು. ಅಲ್ಲಿಂದ ಡಾಕ್ಟರಾಗಿ ಬಂದ. ಕನ್ನಡ ಮಾತ್ರ ಅರ್ಧಕ್ಕರ್ಧ ಅಲ್ಲೆಲ್ಲೋ ಕಳೆದಿತ್ತು.

ಈಗ ಬೀದಿಯ ಧರ್ಮಾಸ್ಪತ್ರೆಯಲ್ಲಿ ಅವನು ಒಂದು ಸಂಶೋಧನೆ ನಡೆಸುತ್ತಿದ್ದ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ದು, ನೆಲದಲ್ಲಿ ಕೂತು ನೂಲು ಸುತ್ತಿ ಮಂಡಿ ಸವೆಸಿಕೊಂಡವರಿಗೆ ಒಂದು ಹೊಸ ಚುಚ್ಚುಮದ್ದು. ಕಾರ್ಟಿಸೋನ್ ಜಾತಿಯದು, ಬಹಳ ದುಬಾರಿ.

“ಎರಡು ತರ ಸೀಸೆ,” ಎಂದು ಸೂಜಿ ಕುದಿಸುತ್ತಾ ಭಾಮಾಗೆ ವಿವರಿಸಿದ. “ಎರಡೂ ಹಾಲು ಮಾದ್ರಿ ಬಿಳುಪು. ಒಂದ್ರಲ್ಲಿ ಮರುಂದು, ನೀವು ಮದ್ದು ಅಂತೀರಲ್ಲ, ಅದು ಐತೆ, ಇನ್ನೊಂದ್ರಲ್ಲಿ ಇಲ್ಲ. ನೀರು ಅಂತಲೇ ಅಂದ್ಕೊಳ್ಳಿ. ಯಾವುದು ಯಾವುದು ಅಂತ ನನಗೂ ತಿಳಿಯಲ್ಲ. ಮದ್ರಾಸಲ್ಲಿ ಪ್ರೊಫೆಸರ್ ಅರುಣಾಚಲಂ ಅವರಿಗೆ ಮಾತ್ರ ಗೊತ್ತು.”

“ನೀರು ಬಿದ್ದೋರ ಗತಿ?”

“ಮರುಂದು ಕೆಲಸ ಮಾಡುತ್ತೆ ಅಂತ ಆದ್ರೆ ಕೊನೇಲಿ ಎಲ್ಲಾರಿಗೂ ಅದನ್ನೇ ಕೊಡ್ತಾರೆ. ಅದಕ್ಕೇ ಇದೆಲ್ಲ.”

“ಮಾಡ್ದಿದ್ರೆ?”

“ಮಾಡುತ್ತೆ,” ಎಂದ. ಆಗಿನ ಅವನ ಮುಖ… ಭಾಮಾ ಬೇಗನೆ ಟವೆಲು ಮಡಿಸತೊಡಗಿದಳು.

ಗುರುವಾರಗಳು ಬಂದವು. ಅವಳು ಅವನ ಸಂಶೋಧನೆಯ ಪುಸ್ತಕ ಬರೆಯತೊಡಗಿದಳು, ಅವನು ಅವಳಿಂದ ಕನ್ನಡ ಕಲಿಯತೊಡಗಿದ.

“ಮಂಡಿ ಅಂದ್ರೆ ಬೆಲ್ಲದ ಮಂಡಿ ತಾನೇ? ಚಿಕ್ಕಡೈ ಬೀದಿಲಿ ಇರೋದು?”

“ಈ ಬೀದಿಲಿ ಎಲ್ಲಾರ ಕಾಲಲ್ಲೂ ಎರಡೆರಡು ಮಂಡಿ ಐತೆ ಡಾಕ್ಟ್ರೇ. ವ್ಯಾಪಾರ ಮಾತ್ರ ಇಲ್ಲ.”

ಅವನು ನಕ್ಕರೆ ಇಡೀ ಮುಖವೇ ನಗುತ್ತಿತ್ತು. ಆ ನಗುವೇ ಅವಳನ್ನು ಕೆಡಿಸಿತು.

ಅಂದು ಮಾದಮ್ಮನ ಸರದಿ.

“ನೋವು ಎಂಗೈತೆ, ಪಾಟಿ?”

“ಪರ್ವಾಯಿಲ್ಲ ಸಾಮಿ.”

ಪುರಂದರನ ಮುಖ ಅರಳಿತು. ತಮಿಳಿನಲ್ಲಿ ಬೆಳೆದ ಅವನ ಕಿವಿಗೆ ಆ ಮಾತಿಗೆ ಒಂದೇ ಅರ್ಥ: ಮೊದಲಿಗಿಂತ ಮೇಲು. ಸ್ವಲ್ಪ ಹೊತ್ತಿನ ಮುಂಚೆ ಓಮಲೂರಿನಿಂದ ಬರುತ್ತಿದ್ದ ತಮಿಳು ಹೆಂಗಸು ಕಾಳಿಯಮ್ಮ ಬಾಗಿಲಿನಿಂದ ಸರಸರನೆ ನಡೆದು ಬಂದು “ಇಪ್ಪೋ ಪರವಾಯಿಲ್ಲೆ ಸಾಮಿ” ಎಂದಿದ್ದಳಲ್ಲ, ಅದೇ.

“ವಾಸಿ ಅಂತ ಬರ್ಕೊಳ್ಳಿ, ಭಾಮಾ.”

ಅವಳ ಪೆನ್ಸಿಲು ನಿಂತಿತು. ಬೆಳಿಗ್ಗೆ ಅಜ್ಜಿಯನ್ನು ಮಗ್ಗದ ಗುಂಡಿಗೆ ಇಳಿಸಿದ್ದು ಅವಳೇ. ಅಜ್ಜಿ ಹಲ್ಲು ಕಚ್ಚಿಕೊಂಡು ಅವಳ ತೋಳಿಗೆ ಜೋತುಬಿದ್ದಿದ್ದಳು.

ಹೇಳು, ಈಗಲೇ ಹೇಳು… ಎಂದಿತು ಮನಸ್ಸು.

ಅವನು ಇನ್ನೂ ನಗುತ್ತಿದ್ದ.

ಅವಳು ‘ವಾಸಿ’ ಎಂದು ಬರೆದಳು.

ಮನೆಗೆ ಹೋಗುವ ದಾರಿಯಲ್ಲಿ ಅಜ್ಜಿಯನ್ನು ಕೇಳಿದಳು. “ಸುಳ್ಳು ಯಾಕೇಳ್ದೆ ಅಜ್ಜಿ?”

“ಸುಳ್ಳೆಲ್ಲೇ? ಪರ್ವಾಯಿಲ್ಲ, ಬಿಡು ಅಂದೆ. ನಮ್ ನಂಜಪ್ಪನ ಮಗ, ಕಾಲತ್ರ ಕುಂತು ಊಸಿ ಹಾಕ್ತಾನೆ. ಅವ್ನ ಮಕಕ್ಕೆ ಇನ್ನೂ ನೋಯ್ತೈತೆ ಅನ್ನಕ್ಕಾಯ್ತದಾ? ನಮಗೆ ನಾಚ್ಕೆ ಬ್ಯಾಡ್ವಾ?”

ಬೀದಿಯ ಅಷ್ಟೂ ಹೆಂಗಸರು ಹಾಗೆಯೇ. ಊಟ ಹಾಕಿದವರ ಎದುರು ಹಸಿವೆನ್ನಬಾರದು, ಉಪಕಾರ ಮಾಡಿದವರ ಎದುರು ನೋವೆನ್ನಬಾರದು. ವಾಸಿಯಾದವಳೂ ಪರ್ವಾಯಿಲ್ಲ ಎಂದಳು, ಆಗದವಳೂ ಪರ್ವಾಯಿಲ್ಲ ಎಂದಳು. ಪುರಂದರ ಪ್ರತಿ ಸಲವೂ ನಕ್ಕ. ಭಾಮಾ ಪ್ರತಿ ಸಲವೂ ಬರೆದಳು.

ಬರೆದ ರಾತ್ರಿಗಳಲ್ಲಿ ಅವಳಿಗೆ ತನ್ನ ಕೈಯನ್ನು ನೋಡಲೂ ನಾಚಿಕೆ.

*

ಕೊನೆಗೆ ಪುರಂದರ ಮದ್ರಾಸಿಗೆ ಹೋದ, ಸೀಸೆಗಳ ಗುಟ್ಟು ತಿಳಿಯಲು. ಅವನು ಬರುವ ದಿನ ಭಾಮಾ ಆಸ್ಪತ್ರೆಯ ಕೋಣೆ ತೊಳೆದು ಕಾದಳು.

ಬಂದವನು ಟೋಪಿಯನ್ನೂ ತೆಗೆಯದೆ ಕುಸಿದು ಕೂತ.

“ಎರಡಕ್ಕೂ ವ್ಯತ್ಯಾಸವೇ ಇಲ್ಲ. ಮರುಂದು ಬಿದ್ದೋರೂ ವಾಸಿ, ನೀರು ಬಿದ್ದೋರೂ ವಾಸಿ. ‘ನಿಮ್ಮ ನೇಕಾರರಿಗೆ ನೀರೇ ಸಾಕಪ್ಪ’ ಅಂದ್ರು ಪ್ರೊಫೆಸರ್. ಇನ್ನು ಮರುಂದು ಬರಲ್ಲ.”

ಅವಳು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ಕಾಳಿಯಮ್ಮ ಕಾಣಿಸಿಕೊಂಡಳು. ಈ ಸಲ ಸರಸರನೆ ನಡೆದು ಬರಲಿಲ್ಲ. ಚೌಕಟ್ಟು ಹಿಡಿದು ನಿಂತಿದ್ದಳು.

“ಸಾಮಿ, ವಲಿ ತಿರುಂಬಿ ವಂದಿರುಚ್ಚು. ಅಂದ ಊಸಿಯೇ ಪೋಡು ಸಾಮಿ.” ನೋವು ಮರಳಿದೆ, ಆ ಸೂಜಿಯನ್ನೇ ಹಾಕು.

“ಇಲ್ಲಮ್ಮಾ,” ಎಂದ ಅವನು. ತಲೆಯೆತ್ತಲಿಲ್ಲ.

ಕಾಳಿಯಮ್ಮ ಗೋಡೆ ಹಿಡಿದು ಬಸ್ಸಿನ ಕಡೆ ಹೊರಟಳು. ಕುಂಟುತ್ತಾ, ನಿಲ್ಲುತ್ತಾ… ಆ ಬೆನ್ನನ್ನು ಭಾಮಾ ನೋಡಿದಳು. ಅವನ ನಗು ಕಾಣುವ ತನ್ನ ಆಸೆಗೆ ಯಾರ ಕಾಲು ಬಲಿಯಾಗಿತ್ತು?

“ಡಾಕ್ಟ್ರೇ… ನಮ್ಮೋರು ಪರ್ವಾಯಿಲ್ಲ ಅಂದದ್ದು ವಾಸಿ ಅಂತಲ್ಲ.”

“ಏನು?”

“ನೋವೈತೆ, ಇರ್ಲಿ ಬಿಡಿ, ನೀವು ಬೇಜಾರಾಗ್ಬೇಡಿ ಅಂತ. ಮರುಂದು ಬಿದ್ದೋರಿಗೆ ನಿಜವಾಗ್ಲೂ ವಾಸಿ ಆಗಿರ್ಬೇಕು, ಕಾಳಿಯಮ್ಮನ ತರ. ನೀರು ಬಿದ್ದೋರು ಮರ್ಯಾದೆಗೆ ಅಂದ್ರು. ನಾನು ಎಲ್ಲಾನೂ ಒಂದೇ ಅಂತ ಬರೆದೆ.”

ಅವನು ಟೋಪಿ ತೆಗೆದು ಬೆಂಚಿನ ಮೇಲಿಟ್ಟ.

“ನಿಮಗೆ ಯಾವಾಗಿಂದ ಗೊತ್ತು?”

“ಮೊದಲಿಂದ.”

“ಗೊತ್ತಿದ್ದೂ ಸುಮ್ಮನಿದ್ರಾ? ಯಾಕೆ?”

ನೀವು ನಗುತ್ತಿದ್ದಿರಿ, ಅದಕ್ಕೆ. ಇಷ್ಟು ದೊಡ್ಡ ತಪ್ಪಿಗೆ ಅಷ್ಟು ಸಣ್ಣ ಕಾರಣವನ್ನು ಯಾವ ಬಾಯಲ್ಲಿ ಹೇಳುವುದು?

ಅವಳ ಮೌನಕ್ಕೆ ಅವನು ಬೇರೆಯೇ ಅರ್ಥ ಕಟ್ಟಿದ.

“ತಿಳೀತು. ತನ್ನ ಮಾತೇ ತನಗೆ ಬಾರದ ಪೆದ್ದ ಅಂತ ಬೀದಿಗೆ ಬೀದಿಯೇ ನಗ್ತಿತ್ತು ಅಲ್ವಾ? ನೀವೂ ಕೂತು ತಮಾಷೆ ನೋಡಿದ್ರಿ.”

ಭಾಮಾ ಟವೆಲುಗಳನ್ನು ಮಡಿಸಿ ಬೆಂಚಿನ ಮೇಲಿಟ್ಟು ಹೊರಬಂದಳು. ಮರುದಿನ ನಂಗವಳ್ಳಿಯ ಸೋದರಮಾವನ ಮನೆಗೆ ಹೊರಟುಹೋದಳು. ಅವಳಿಗೆ ಯಾರ ಮುಖವೂ ಬೇಡವಾಗಿತ್ತು.

*

ಮುಂದಿನ ಗುರುವಾರ ಪುರಂದರ ಆ ಟವೆಲುಗಳನ್ನು ನೋಡುತ್ತಾ ಕೂತ. ಆಮೇಲೆ ಎದ್ದು ಮಾದಮ್ಮನ ಮನೆಗೆ ನಡೆದ.

ಮುದುಕಿ ಮಗ್ಗದ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಇಳಿಯಲು ಆಗದೆ, ಇಳಿಯದೆ ವಿಧಿಯಿಲ್ಲದೆ. ಅವನು ಓಡಿಹೋಗಿ ಕೈ ಹಿಡಿದು ಇಳಿಸಿದ. ಅವಳ ಉಗುರು ಅವನ ಅಂಗೈಗೆ ನಾಟಿತು.

“ನೋವು ಎಂಗೈತೆ, ಅಜ್ಜಿ?”

“ಪರ್ವಾಯಿಲ್ಲ ಸಾಮಿ.”

ಅವನ ಅಂಗೈಯಲ್ಲಿ ಉಗುರಿನ ಗುರುತು ಕೆಂಪಗೆ ಉಳಿದಿತ್ತು. ಆ ಮಾತು ಮೊದಲ ಸಲ ಕನ್ನಡವಾಗಿ ಅವನ ಕಿವಿಗೆ ಬಿತ್ತು.

“ನನ್ನ ಕಂಡು ನೀವೆಲ್ಲ ನಗ್ತಿದ್ರಾ?” ಎಂದು ಮೆಲ್ಲಗೆ ಕೇಳಿದ.

“ನಗೋದ್ಯಾಕಪ್ಪ? ನೀನು ನಗ್ಲಿ ಅಂತ ನಾವು ಬಾಯ್ಮುಚ್ಕೊಂಡಿದ್ದು. ನಾವೆಲ್ಲ ನಾಚ್ಕೆಗೆ.” ಮಾದಮ್ಮ ಲಾಳಿಯನ್ನು ಕೈಗೆತ್ತಿಕೊಂಡಳು. “ಆ ಕೂಸು ಬ್ಯಾರೆ ಕಾರಣಕ್ಕೆ. ಅದನ್ನೂ ನಾನೇ ಏಳ್ಬೇಕಾ? ಡಾಕ್ಟ್ರು ಅಂತೆ…”

ಪುರಂದರ ಮತ್ತೆ ಮದ್ರಾಸಿನ ರೈಲು ಹತ್ತಿದ. ಭಾಮಾ ಬರೆದಿದ್ದು ತಪ್ಪು ಎಂದು ಹೇಳಿದರೆ ಸುಲಭವಿತ್ತು. ಮೊರಪ್ಪೂರಿನಲ್ಲಿ ರೈಲು ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಯಾರೋ ಗಂಡ ಹೆಂಡತಿ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಅವನು ಕಿಟಕಿಗೆ ತಲೆಯಾನಿಸಿ ಅದನ್ನು ಕೊನೆಯ ತನಕ ಕೇಳಿಸಿಕೊಂಡ. ಬರೆದವರು ಯಾರಾದರೂ ಇರಲಿ, ‘ವಾಸಿ’ ಎಂದದ್ದು ತಾನೇ.

“ಸರ್, ತಪ್ಪು ನನ್ನ ಕಿವಿಯದು,” ಎಂದ ಪ್ರೊಫೆಸರರ ಮುಂದೆ.

ಅರುಣಾಚಲಂ ಕನ್ನಡಕ ತೆಗೆದರು. “ನಿನ್ನ ತಾಯಿ ಭಾಷೆ ನಿನಗೇ ಅರ್ಥವಾಗಲಿಲ್ಲವೇನಯ್ಯಾ?”

ಕೋಣೆಯಲ್ಲಿ ಬೇರೆ ಡಾಕ್ಟರುಗಳೂ ಇದ್ದರು. ಯಾರೋ ನಕ್ಕರು.

“ಇಲ್ಲ ಸರ್,” ಎಂದ ಪುರಂದರ. ತಲೆ ತಗ್ಗಿಸಿಕೊಂಡೇ ಹೇಳಿದ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ.

*

ನಂಗವಳ್ಳಿಯ ಕಣದಲ್ಲಿ ಭಾಮಾ ಕಡಲೆಕಾಯಿ ಹರವುತ್ತಿದ್ದಳು. ರಸ್ತೆಯಲ್ಲಿ ಬಸ್ಸು ನಿಂತು ಹೊರಟ ಸದ್ದಾಯಿತು. ತಲೆಯೆತ್ತಿದರೆ ಧೂಳಿನ ನಡುವೆ ಪುರಂದರ.

ಅವಳು ಎದ್ದು ಒಳಗೆ ಓಡಬೇಕೆಂದುಕೊಂಡಳು. ಓಡಲಿಲ್ಲ, ಹರವುತ್ತಲೇ ಇದ್ದಳು.

“ಹೊಸ ಸೀಸೆ ಕೊಟ್ಟಿದ್ದಾರೆ,” ಎಂದ ದೂರದಿಂದಲೇ. “ಮತ್ತೆ ಮೊದಲಿಂದ. ಕಾಳಿಯಮ್ಮನಿಗೆ ಮಾತ್ರ ನಿನ್ನೆ ನಿಜವಾದ ಮರುಂದೇ ಹಾಕಿದೆ, ಪ್ರೊಫೆಸರನ್ನು ಕೇಳಿಕೊಂಡು.”

ಅವಳ ಕಣ್ಣು ತುಂಬಿತು. “ನಾನು ಅವರಿಗೆ…”

“ನಾವು ಅವರಿಗೆ,” ಎಂದು ತಿದ್ದಿದ. “ನೋವು ಎಂಗೈತೆ ಅಂತ ಇನ್ನು ಕೇಳಲ್ಲ. ಏನು ಕೇಳ್ಬೇಕು? ಅದನ್ನ ತಿಳ್ಕೊಳ್ಳೋಣ ಅಂತ ಬಂದೆ.”

ಭಾಮಾ ಕಡಲೆಕಾಯಿಯ ಮಣ್ಣು ಉದುರಿಸುತ್ತಾ ಯೋಚಿಸಿದಳು.

“ಇವತ್ತು ಗುಂಡಿಗೆ ಇಳಿಯುವಾಗ ಯಾರ ಕೈ ಹಿಡಿದ್ರಿ ಅಂತ ಕೇಳಿ. ಅದಕ್ಕೆ ಪರ್ವಾಯಿಲ್ಲ ಅನ್ನಕ್ಕಾಗಲ್ಲ. ಮಗನ ಕೈ ಅಂತಾರೆ, ಸೊಸೆ ಕೈ ಅಂತಾರೆ. ಯಾರ್ದೂ ಇಲ್ಲ ಅಂದ್ರೆ ವಾಸಿ ಅಂತ ಬರ್ಕೊಳ್ಳಿ.”

“ಬರ್ಕೊಳ್ಳೋರು ಬೇಕಲ್ಲ.”

ಅವಳು ಒಂದು ಹಿಡಿ ಕಡಲೆಕಾಯಿಯನ್ನು ರಾಶಿಗೆ ಹಾಕಿದಳು.

“ಅವತ್ತು ನಾನು ಆಡಿದ ಮಾತು… ಅಜ್ಜಿ ಹೇಳಿದ್ರು, ನೀವು ಯಾಕೆ ಸುಮ್ಮನಿದ್ರಿ ಅಂತ. ಅರ್ಧ ಹೇಳಿದ್ರು. ಇನ್ನರ್ಧ ರೈಲಿನಲ್ಲಿ ನನಗೇ ಹೊಳೀತು. ಆಮೇಲೆ ಮುಖ ಎತ್ತಕ್ಕಾಗ್ಲಿಲ್ಲ. ಮನ್ನಿಸ್ತೀರಾ?”

“ಪರ್ವಾಯಿಲ್ಲ.”

“ಯಾವ ಪರ್ವಾಯಿಲ್ಲ, ಭಾಮಾ?”

ಅಷ್ಟು ದಿನಗಳ ಮೇಲೆ ಅವಳ ತುಟಿಯಂಚಿನಲ್ಲಿ ನಗು ಕಾಣಿಸಿಕೊಂಡಿತು. ಅವಳು ಮುಖ ತಿರುಗಿಸಿಕೊಂಡಳು.

“ಅಂಗೆ ಕೇಳಿದ್ರೆ ನಿಜ ಸಿಗಲ್ಲ ಅಂತ ಈಗ ತಾನೇ ಹೇಳ್ದೆ. ಬ್ಯಾರೆ ತರ ಕೇಳಿ.”

ಪುರಂದರ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಅವನಿಗೆ ತಿಳಿಯಿತು. ಕಡಲೆಕಾಯಿಯ ರಾಶಿಯ ಈಚೆ ಮಣ್ಣಿನಲ್ಲೇ ಮಂಡಿಯೂರಿ ಕೂತ.

“ಇನ್ನು ಮುಂದೆ… ಗುಂಡಿಗೆ ಇಳಿಯುವಾಗ, ಯಾರ ಕೈ ಹಿಡೀತೀರಿ?”

ಭಾಮಾ ಮಣ್ಣಾಗಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಎರಡು ಸಲ ಒರೆಸಿಕೊಂಡಳು.

“ನಿಮ್ದೇ,” ಎಂದಳು.