ಕಣ್ಣು ಬರೆಯದ ಸಿಪಾಯಿ

"ಬಣ್ಣಾ ಎಲ್ಲಾ ಹಚ್ರಿ ಸರ್. ಕಣ್ಣ ಮಾತ್ರ ಬರೀಬ್ಯಾಡ್ರಿ," ಎಂದ ಶೌಕತ ಅಲಿ. ಸಂಗಮೇಶ್ವರ ನಕ್ಕುಬಿಟ್ಟ.

ನಗುವುದು ಅವನಿಗೆ ಸುಲಭ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ವಿಜಯಪುರದಿಂದ ಶಹಾಬಾದಿಗೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಊರವರ ಭಯವನ್ನೆಲ್ಲ ಒಂದೇ ಉಸಿರಿಗೆ ಊದಿ ಹಾರಿಸಬಲ್ಲೆ ಎಂದುಕೊಂಡಿದ್ದ. ಭಾನುವಾರ ಮಧ್ಯಾಹ್ನ, ಬೋರ್ಡು ಬರೆಯುವ ಶೌಕತ ಅಲಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವರು ಸೇರುತ್ತಿದ್ದರು: ಶೌಕತ, ವಾಡಿಯಿಂದ ಬರುವ ರೈಲ್ವೆಯ ಅಂಬಾರಾಯ, ಮತ್ತೆ ಇವನು. ಗುಜರಿಯಲ್ಲಿ ಸಿಕ್ಕ ಹಳೆಯ ಸೀಸದ ಸಿಪಾಯಿಗಳನ್ನು ತೊಳೆದು, ಮುರಿದ ಬಂದೂಕು ಬೆಸೆದು, ಹೊಸದಾಗಿ ಬಣ್ಣ ಹಚ್ಚುವುದು ಅವರ ಹುಚ್ಚು. ಹೊರಗೆ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟ. ಒಳಗೆ ಟರ್ಪೆಂಟೈನಿನ ಘಾಟು, ಬೆರಳುದ್ದದ ಪಲ್ಟನ್ನು. ಆ ಎರಡು ತಾಸು ಮೂವರೂ ಮಕ್ಕಳಾಗುತ್ತಿದ್ದರು.

ಈ ಸಿಪಾಯಿ ಸಿಕ್ಕಿದ್ದು ಭಂಕೂರದಲ್ಲಿ ಬಿದ್ದ ಒಂದು ಮನೆಯ ಗೋಡೆಯೊಳಗೆ. ಖಾಕಿ, ಪಗಡಿ, ಮೀಸೆ ಎಲ್ಲ ಇತ್ತು. ಕಣ್ಣಿನ ಜಾಗ ಮಾತ್ರ ಬರಿದು.

"ಆ ಮನೀ ಗಂಡಸು ಮೊದಲನೇ ಮಹಾಯುದ್ಧದ ಲಡಾಯಿಗಿ ಹೋದಂವ ತಿರುಗಿ ಬರಲಿಲ್ಲ," ಶೌಕತ ದನಿ ತಗ್ಗಿಸಿದ. "ಅವನ ಹೆಂಡತಿ ಕುಂಚಾವರಂ ಅಡವ್ಯಾಗಿನ ಮಾಟಗಾರನ ಕಡಿಂದ ಇದನ್ನ ಮಾಡಿಸ್ಯಾಳ. ಕಣ್ಣು ಬರದ್ರ ಅಂವ ಮನೀ ಹುಡುಕ್ಕೊಂಡ್ ಬರ್ತಾನ ಅಂತ. ಬರಿಯೋಕಿಂತ ಮೊದಲ ಆಕೀನೇ ಸತ್ತಳು. ಈಗ ಬರದ್ರ ಅಂವ ಬರ್ತಾನ ಸರ್. ಬಂದವಂಗ ಹೆಂಡತಿ ಬೇಕು."

"ಬರ್ಲಿ ಬಿಡ್ರಿ ಶೌಕತ್ ಭಾಯ್. ಚಹಾ ಕುಡಿಸಿ ಕಳಸೋಣು," ಎಂದು ಸಂಗಮೇಶ್ವರ ಸಿಪಾಯಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ನಡೆದ.

ಕಣ್ಣು ಬರೆಯಲು ಅಳಿಲಿನ ಬಾಲದ ಕುಂಚ ಅವನಿಗೆ ದಪ್ಪವಾಯಿತು. ಹೆಂಡತಿ ನಾಗರತ್ನಾಳ ಕೂದಲು ರೇಷ್ಮೆಯಷ್ಟು ನುಣುಪು. ತಲೆ ಬಾಚಿದ ಮೇಲೆ ಉದುರಿದ ಕೂದಲನ್ನು ಸುರುಳಿ ಸುತ್ತಿ, ಥೂ ಎಂದು ಉಗುಳಿಯೇ ಎಸೆಯುವವಳು ಅವಳು. ಹಾಗೆ ಮಾಡದಿದ್ದರೆ ಮಾಟದವರ ಕೈಗೆ ಸಿಗುತ್ತದೆಂದು ತವರಿನಲ್ಲಿ ಕಲಿತ ಹೆದರಿಕೆ. ಅದಕ್ಕೂ ಅವನು ನಕ್ಕಿದ್ದ. ಅವಳು ಉಗುಳುವ ಮೊದಲೇ ಬಾಚಣಿಗೆಯಿಂದ ಮೂರು ಎಳೆ ಎತ್ತಿಕೊಂಡು ಕಡ್ಡಿಗೆ ಕಟ್ಟಿದ.

ಸಂಜೆ ಬರೆಯಲು ಕುಳಿತ. ಅಡುಗೆಮನೆಯಲ್ಲಿ ನಾಗರತ್ನಾ ರೊಟ್ಟಿ ಬಡಿಯುತ್ತಿದ್ದಳು. ಎಡಗಣ್ಣು ಮುಗಿಯಿತು. ಬಲಗಣ್ಣಿಗೆ ಕರಿಬೊಟ್ಟು ಇಟ್ಟ. ಕರೆಂಟು ಹೋಯಿತು. ರೊಟ್ಟಿಯ ಸದ್ದು ನಿಂತಿತು. ಎಲ್ಲಿಂದಲೋ ಒಂದು ವಾಸನೆ. ಹಳೇ ಬೆವರು. ಬಂದೂಕಿನ ಮದ್ದು. ಬಹಳ ದೂರ ನಡೆದ ಬೂಟು. ಅವನ ಕಿವಿಯ ಹತ್ತಿರವೇ ಯಾರೋ ಉಸಿರು ಬಿಟ್ಟರು.

ನಾಗರತ್ನಾ ದೀಪ ಹಿಡಿದು ಬಂದಳು. ಅವನ ಎದುರಿಗೇ ನಿಂತಳು.

"ರೀ, ಎಲ್ಲಿದ್ದೀರಿ?"

"ಇಲ್ಲೇ ಇದ್ದೀನಲ್ಲ ರತ್ನಾ."

ಅವಳಿಗೆ ಕೇಳಲಿಲ್ಲ. ಅವನು ಕೈ ಹಿಡಿದ. ಹಿಡಿದವರೇ ಇಲ್ಲವೆಂಬಂತೆ ಆ ಕೈ ದೀಪವನ್ನು ಮೇಜಿನ ಮೇಲಿಟ್ಟಿತು. ಆಗ ಅವಳು ಸಿಪಾಯಿಯನ್ನು ಕಂಡಳು. ಮುಖ ಅರಳಿತು. ತಲೆಯ ಮೇಲೆ ಸೆರಗೆಳೆದುಕೊಂಡಳು.

"ಬಂದ್ರೇನ್ರಿ? ಎಷ್ಟ ಸೊರಗೀರಿ!"

ಹನ್ನೊಂದು ವರ್ಷ ಅವನೊಬ್ಬನಿಗೇ ಮೀಸಲಿದ್ದ ನಗು ಅದು. ಬಿಸಿ ರೊಟ್ಟಿ ತಂದು ಆ ಸೀಸದ ತುಂಡಿನ ಮುಂದೆ ಬಡಿಸಿದಳು. ಸಂಗಮೇಶ್ವರ ಫೋನು ಎತ್ತಿಕೊಂಡ.

ಫೋನು ಮಾಡಿದೊಡನೆ ಶೌಕತ ಓಡಿ ಬಂದ. "ಬರ್ರಿ ಭಾಯಿ, ಕುಂದ್ರಿ. ನಮ್ಮನಿಯವ್ರು ಬಂದಾರ ನೋಡ್ರಿ," ಎಂದು ನಾಗರತ್ನಾ ಸಿಪಾಯಿಯ ಕಡೆ ಕೈ ಮಾಡಿದಳು. ಶೌಕತ ಕುಂಚವನ್ನು ನೋಡಿದ. ಯಾರ ಕೂದಲೆಂದು ಕೇಳಿದ. ಉತ್ತರ ಕೇಳಿ ನಾಗರತ್ನಾಳ ಕಡೆ ತಿರುಗಿದ.

"ಹಂಗಾದ್ರ ಅವು ಭಾಭಿ ಕಣ್ಣು ಸರ್. ಸಿಪಾಯೀನ್ನ ಕರಗಿಸಿದ್ರ ಅವ್ರ ಜೀವ ಹೋಗ್ತದ. ಕಣ್ಣು ಕೆರದ್ರ ನಿಮ್ಮ ಕಡಿ ತಿರುಗಿ ಬರ್ತಾರ. ಆದ್ರ ನೋಟ ಹೋಗ್ತದ."

ಸಂಗಮೇಶ್ವರ ಅರ್ಧ ನಂಬಿದ, ಅರ್ಧ ನಂಬಲಿಲ್ಲ. ಸೂಜಿ ತೆಗೆದುಕೊಂಡು ಎಡಗಣ್ಣು ಕೆರೆದ. ನಾಗರತ್ನಾ ಚೀರಿದಳು. ಅವಳ ಎಡಗಣ್ಣು ಹಾಲಿನಂತೆ ಬಿಳಿಚಿತು. ತಡಕಾಡುತ್ತ ಬಂದ ಕೈ ಅವನ ಮಣಿಕಟ್ಟು ಹಿಡಿಯಿತು.

"ರೀ... ಎಲ್ಲಿ ಹೋಗಿದ್ರಿ?"

ಅವನು ಅಳುತ್ತ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡಳು. ಉಳಿದ ಕಣ್ಣು ಅವಳ ಮಾತು ಕೇಳದೆ ಸಿಪಾಯಿಯ ಕಡೆಗೇ ಹೊರಳುತ್ತಿತ್ತು.

"ಅದನ್ನೂ ಕೆರೀರಿ," ಎಂದಳು. "ನಿಮ್ಮ ಮಾರಿ ನಂಗ ನೆನಪದ. ಅಷ್ಟ ಸಾಕು."

ಸೂಜಿ ಎತ್ತಿದ. ಸಿಪಾಯಿಯ ಸೊಂಟಕ್ಕೆ ಎಳೆಯಷ್ಟು ತೆಳುವಾದ ಪಟ್ಟಿ ಬರೆಯುವಾಗಲೂ ಅಲುಗದ ಕೈ. ಈಗ ಬಲಗಣ್ಣಿನ ಹತ್ತಿರ ಬಂದು ನಿಂತುಬಿಟ್ಟಿತು.

"ಜಲ್ದಿ ಮಾಡ್ರಿ. ಅಂವ ಕರೀಲಿಕತ್ತಾನ."

ಅವನ ಮಣಿಕಟ್ಟಿನ ಮೇಲೆ ಅವಳ ಹಿಡಿತ ಸಡಿಲಾಯಿತು. ಒಂದು ಬೆರಳು. ಇನ್ನೊಂದು. "ಮಾಡ್ರಿ ಸರ್!" ಶೌಕತ ಕೂಗಿದ. ಸಂಗಮೇಶ್ವರ ಅವಳ ಕಣ್ಣು ನೋಡಿದ. ಕಪ್ಪು, ತುಂಬಿದ, ಬದುಕಿರುವ ಕಣ್ಣು. ಆಗಲಿಲ್ಲ. ಅವನಿಂದ ಆಗಲೇ ಇಲ್ಲ. ಕೊನೆಯ ಬೆರಳೂ ಜಾರಿತು.

ಅದು ಪ್ರೀತಿಯೋ ಹೇಡಿತನವೋ ಅವನಿಗೇ ತಿಳಿಯದು. ದಿನವೂ ಸೂಜಿ ಎತ್ತುತ್ತಾನೆ, ದಿನವೂ ಇಡುತ್ತಾನೆ. ನಾಗರತ್ನಾ ಒಂದೇ ಕಣ್ಣಿನಲ್ಲಿ ಮನೆಗೆಲಸವನ್ನೆಲ್ಲ ಮಾಡುತ್ತಾಳೆ, ಹಾಡಿಕೊಳ್ಳುತ್ತಾಳೆ, ಸುಖವಾಗಿದ್ದಾಳೆ.

ಮೊನ್ನೆ ಸಂಜೆ ಅವನು ಅಂಗಳದಲ್ಲಿದ್ದಾಗ ಅವಳು ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು. ಅವನು ಬಾಗಿಲು ಬಡಿದ. ಹೆಸರು ಹಿಡಿದು ಕರೆದ. ಎರಡೂ ಕೈಯಿಂದ ಬಡಿದ.

ಒಳಗೆ ಅವಳು ಯಾರಿಗೋ ಮೆಲ್ಲಗೆ ಹೇಳುತ್ತಿದ್ದಳು: "ಹೊರಗ ಗಾಳಿ ಭಾಳ ಅದ. ನೀವು ಉಣ್ರಿ."