ಅಜ್ಜಿಯ ಲೈಲಾಕ್‌ಗೆ ಯಾರ ಹೆಸರು?

"ಗಿಡದಿಂದ ಕೈ ತೆಗೀರಿ!"

ರಷ್ಯಾದ ಕಾಲುಗಾ ಊರಿನ ಆ ಹಳೆಯ ಐದಂತಸ್ತಿನ ಕಟ್ಟಡದ ಅಂಗಳದಲ್ಲಿ ವಾರ್ಯಾಳ ದನಿಗೆ ಕಿಟಕಿಗಳು ತೆರೆದುಕೊಂಡವು.

ಬೆಳಗಿನ ಪಾಳಿಯ ಟ್ರಾಲಿಬಸ್ ಓಡಿಸಿ ದಣಿದು ಬಂದವಳು ಅವಳು. ನೋಡಿದರೆ, ಅಪರಿಚಿತನೊಬ್ಬ ಅವಳ ಅಜ್ಜಿಯ ಲೈಲಾಕ್ ಹೂಗಿಡಕ್ಕೆ ಚಾಕು ಹಾಕುತ್ತಿದ್ದ! ಅಜ್ಜಿ ಪೆಲಗೇಯಾ ಬೀಜದಿಂದ ಬೆಳೆಸಿದ ಗಿಡ. ಮೊಗ್ಗಿನಲ್ಲಿ ಗುಲಾಬಿ, ಅರಳಿದರೆ ಹಾಲಿನಂಥ ಬಿಳುಪು. ಅಜ್ಜಿ ತೀರಿಕೊಂಡ ಮೇಲೆ ವಾರ್ಯಾಳಿಗೆ ನಮ್ಮವರು ಅಂತ ಉಳಿದಿದ್ದು ಅದೊಂದೇ.

ತನ್ನ ಹೆಸರು ತೀಖನ್, ಊರಾಚೆಯ ನರ್ಸರಿಯಲ್ಲಿ ಕಸಿ ಕಟ್ಟುವವನು, ಕೆಳಮನೆಯ ನೆರೆಯಾಕೆ ಕ್ಲಾವಾ ಚಿಕ್ಕಮ್ಮನನ್ನು ಕೇಳಿಯೇ ಕಡ್ಡಿ ಕೊಯ್ದೆ ಎಂದನಾತ.

"ಗಿಡ ನಮ್ಮಜ್ಜೀದು. ಅಪ್ಪಣೆ ಕೊಡೋಕೆ ಕ್ಲಾವಾ ಚಿಕ್ಕಮ್ಮ ಯಾರು?"

"ಚಳಿಗಾಲಕ್ಕೆ ಮುಂಚೆ ಇಲ್ಲಿ ಬಿಸಿನೀರಿನ ಪೈಪಿಗೆ ಅಗೀತಾರೆ. ಗಿಡ ಹೋಗುತ್ತೆ, ಕಸಿಯಲ್ಲಾದ್ರೂ ಉಳೀಲಿ ಅಂತ ಕೊಯ್ದೆ. ನಿಮಗೆ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ... ಕೋಪ ಈಗ ನಗರಸಭೆಯ ಕಡೆ ತಿರುಗಿತು. ಮರುದಿನ ಅಲ್ಲಿಗೆ ಹೋಗಿ ಜಗಳವಾಡಿದಳು. ಪೊದೆ ತಾನೇ, ಬೇರೆ ನೆಟ್ಟರಾಯಿತು ಎಂದು ಗುಮಾಸ್ತ ತಲೆಯೆತ್ತದೆ ಹೇಳಿ ಕಳಿಸಿದ.

ಆದರೆ ಅದಕ್ಕೂ ಮೊದಲು, ಅಂಗಳದಲ್ಲಿ ಸಿಕ್ಕ ದಿನವೇ, ತೀಖನ್‌ನನ್ನೂ ನಂಬಲಾರದೆ, ಅವನ ವ್ಯಾನು ಹತ್ತಿ ನರ್ಸರಿಗೇ ಹೋಗಿದ್ದಳು.

ತೀಖನ್ ಮಣ್ಣಿನಲ್ಲಿ ಮೊಣಕಾಲೂರಿ ಕುಳಿತ. ಪೆನ್ಸಿಲ್ ದಪ್ಪದ ಕಾಡು ಲೈಲಾಕ್ ಸಸಿಯ ತೊಗಟೆ ಸೀಳಿ, ಅಜ್ಜಿಯ ಗಿಡದ ಚಿಗುರೊಡೆಯುವ ಕಣ್ಣೊಂದನ್ನು ಒಳಗೆ ಜಾರಿಸಿ, ಪಟ್ಟಿ ಸುತ್ತಿದ. ಎಲೆಯ ತೊಟ್ಟನ್ನು ಮಾತ್ರ ಹೊರಗೆ ಬಿಟ್ಟ. ಕೆಲವು ವಾರ ಬಿಟ್ಟು ಮುಟ್ಟಿದಾಗ ಈ ತೊಟ್ಟು ಉದುರಿದರೆ ಕಸಿ ಕೂಡಿದಂತೆ, ಒಣಗಿ ಅಂಟಿಕೊಂಡಿದ್ದರೆ ಸತ್ತಂತೆ ಎಂದು ವಿವರಿಸಿದ.

'ಬಾಯಿ ಒರಟು... ಕೈ ಮಾತ್ರ ಎಷ್ಟು ಮೆತ್ತಗೆ!' ಎಂದುಕೊಂಡಳು ವಾರ್ಯಾ. ರಜೆ ಸಿಕ್ಕಾಗಲೆಲ್ಲ ಹೋಗತೊಡಗಿದಳು. ಮೊದಲ ತೊಟ್ಟು ಅವಳ ಬೆರಳು ತಾಕಿ ಉದುರಿದಾಗ ಖುಷಿಯಲ್ಲಿ ಅವನ ತೋಳು ಹಿಡಿದವಳು ಬಿಡುವುದನ್ನೇ ಮರೆತಳು. ಅವನೂ ತೋಳು ಕದಲಿಸಲಿಲ್ಲ.

ಎಲೆ ಉದುರುವ ಹೊತ್ತಿಗೆ ಯಂತ್ರ ಬಂದು ಅಜ್ಜಿಯ ಗಿಡವನ್ನು ಬುಡಸಮೇತ ಕಿತ್ತೊಗೆಯಿತು. ತೀಖನ್ ಅವಳ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಭಾನುವಾರಗಳಂದು ಅವನು ಅವಳ ಮನೆಗೆ ಬರುವುದು ರೂಢಿಯಾಯಿತು. 'ನೀವು' ಹೋಗಿ 'ನೀನು' ಬಂತು.

ಎರಡು ಚಳಿಗಾಲ ಕಳೆದು, ಮೇ ತಿಂಗಳಲ್ಲಿ ಪಾರ್ಕಿನಲ್ಲಿ ಲೈಲಾಕ್ ಹಬ್ಬ. ನರ್ಸರಿಯ ಅಂಗಡಿಯ ಮುಂದೆ ವಾರ್ಯಾ ಕಲ್ಲಾಗಿ ನಿಂತಳು. ಅಜ್ಜಿಯ ಹೂವೇ! ಅದರ ಮೇಲಿದ್ದ ಫಲಕದಲ್ಲಿ ಮಾತ್ರ 'ಎಲೆನೊರಾ' ಎಂದಿತ್ತು. ಅದು ನರ್ಸರಿ ಮಾಲೀಕನ ಹೆಂಡತಿಯ ಹೆಸರು. ಇದು ತಾನೇ ಬೆಳೆಸಿದ ಹೊಸ ತಳಿಯೆಂದು ಅವನು ಜನರಿಗೆ ಹೇಳುತ್ತಿದ್ದ. ಹಿಂದೆ ಕುಂಡಗಳನ್ನು ಇಳಿಸುತ್ತಿದ್ದವನು ತೀಖನ್...

'ಇವನಿಗೆ ಗೊತ್ತಿದ್ದೇ ನಡೆಯಿತೇ?'

"ನಮ್ಮನೇಲಿ ಕೂತು ಕಡುಬು ತಿಂದ್ಯಲ್ಲ, ಆ ಬಾಯಲ್ಲಿ ಇದೊಂದು ಮಾತು ಹೊರಡಲಿಲ್ವಾ?"

ಉತ್ತರಕ್ಕೂ ಕಾಯದೆ ತಿರುಗಿ ನಡೆದಳು. ಬೆನ್ನ ಹಿಂದೆ, ನೆರೆದ ಜನರ ಮುಂದೆ, ತೀಖನ್‌ನ ದನಿ ಎದ್ದಿತು. ಎಂದೂ ಅಷ್ಟು ಗಟ್ಟಿಯಾಗಿ ಮಾತಾಡಿದವನಲ್ಲ.

"ಸುಳ್ಳು. ಇದು ಪೆಲಗೇಯಾ ಅಜ್ಜಿ ಬೆಳೆಸಿದ ಗಿಡ. ಕಸಿ ಕಟ್ಟಿದೋನು ನಾನು. ಈ ಬೋರ್ಡು ಕಂಡಿದ್ದು ಈಗಲೇ."

ನಾಳೆಯಿಂದ ಬರಬೇಡ ಎಂದ ಮಾಲೀಕ. ತೀಖನ್ ಫಲಕ ಕಿತ್ತು, ಏಪ್ರನ್ ಬಿಚ್ಚಿ ಅದರ ಮೇಲಿಟ್ಟ. ಗಿಡ ಕೊಂಡಿದ್ದ ಮುದುಕಿಯೊಬ್ಬಳು, ಕದ್ದ ಹೆಸರಿನದು ತನಗೆ ಬೇಡವೆಂದು ಅದನ್ನು ಅಲ್ಲೇ ಕೆಳಗಿಟ್ಟಳು. ಉಳಿದವರೂ ಹಾಗೇ ಮಾಡಿದರು. ಸಂಜೆಯೊಳಗೆ ಮಾಲೀಕ ತನ್ನ ಕೈಯಾರೆ 'ಪೆಲಗೇಯಾ' ಎಂದು ಬರೆಯಬೇಕಾಯಿತು.

ಅಷ್ಟರಲ್ಲಿ ತೀಖನ್ ಓಕಾ ನದಿಯ ದಡದಲ್ಲಿ ಓಡಿಬಂದು ಅವಳನ್ನು ಸೇರಿಕೊಂಡಿದ್ದ.

"ನಿನಗೆ ಗೊತ್ತಿರಲಿಲ್ಲ ಅಂತ ನಾನು ಕೇಳಿದಾಗಲೇ ಹೇಳೋದಲ್ವಾ?"

"ಹೇಳೋಕೆ ನೀನು ಬಿಟ್ಯಾ?"

ವಾರ್ಯಾಳಿಗೆ ತನ್ನ ಮೇಲೇ ಸಿಟ್ಟು ಬಂತು.

"ತರೂಸಾ ಊರಲ್ಲಿ ಅಮ್ಮನ ತುಂಡು ನೆಲ ಇದೆ," ಎಂದ ಅವನು. "ಹುಳಿ ಮಣ್ಣು, ಸುಣ್ಣ ಹಾಕ್ಬೇಕು. ಅಲ್ಲೇ ಗಿಡ ಮಾಡೋಣ ಅಂತ... ಬರ್ತೀಯಾ?"

"ಕೂಲಿಗಾ?"

"ಅಲ್ಲ... ಹೆಂಡ್ತಿಯಾಗಿ." ಅವನ ಕಣ್ಣು ನೆಲದಲ್ಲಿತ್ತು.

"ಮಣ್ಣನ್ನ ಕೇಳ್ತಿದ್ದೀಯೋ, ನನ್ನನ್ನೋ?"

ಅವನು ತಲೆಯೆತ್ತಿ, ಅವಳನ್ನೇ ನೋಡುತ್ತ, ಇನ್ನೊಮ್ಮೆ ಕೇಳಿದ. ಅವಳು ಅವನ ಕೈ ಹಿಡಿದಳು.

"ಬರ್ತೀನಿ. ಆದ್ರೆ ಕೋಪ ಇನ್ನೂ ಇಳಿದಿಲ್ಲ."

"ಇರಲಿ," ಎಂದ ತೀಖನ್. "ಅದನ್ನೂ ಕರ್ಕೊಂಡು ಬಾ."