ಸುರಂಗದಾಚೆಯ ಗಂಟೆ

ಕೇಳಿದವರು ನಗುತ್ತಾರೆ, ನಗಲಿ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಮೇಜಿನ ಮೇಲೆ ಪುಟ್ಟ ಮಾದರಿ ರೈಲು ಓಡಿಸುವ ನಮ್ಮ ಸಂಘದಲ್ಲೊಂದು ಕಟ್ಟುನಿಟ್ಟಿನ ನಿಯಮ: ರಟ್ಟಿನ ಗುಡ್ಡದ ಸುರಂಗದಾಚೆ ಕೂತವರು ಗಂಟೆ ಹೊಡೆದು ಒಪ್ಪಿದರೆ ಮಾತ್ರ ಈಚೆಯಿಂದ ರೈಲು ಬಿಡಬೇಕು; ತಲುಪಿದ ಮೇಲೆ ಅವರು ಮತ್ತೆ ಹೊಡೆಯಬೇಕು. ಆಚೆ ಕೂರುತ್ತಿದ್ದ ಹೆರಾಲ್ಡ್ ತೀರಿಕೊಂಡು ವರ್ಷವಾಗಿತ್ತು. ಮಕ್ಕಳು ಬಂದು ಕಲಿಯಲೆಂದು ಶನಿವಾರವಿಡೀ ಬಾಗಿಲು ತೆರೆದಿಟ್ಟೆವು. ಒಂದು ನರಪಿಳ್ಳೆಯೂ ಬರಲಿಲ್ಲ.

"ಸಾಕು ಕಣೋ ಕ್ಲೈವ್, ಸಂಘ ಮುಚ್ಚಿಬಿಡೋಣ. ಮಕ್ಕಳಿಗೆ ತಂದ ಕೇಕನ್ನ ನಾವೇ ತಿಂದ್ರಾಯ್ತು," ಎಂದಳು ಸಂಘದ ಗೆಳತಿ ಮ್ಯೂರಿಯಲ್, ಟೀ ಬಗ್ಗಿಸುತ್ತ.

ಅಭ್ಯಾಸಬಲದಿಂದ, ರೈಲು ಬಿಡಲೇ ಎಂದು ಈಚೆಯ ಗಂಟೆ ಹೊಡೆದೆ. ಆಚೆಯ ಗಂಟೆಯಿಂದ ಉತ್ತರ ಬಂತು.

"ಅಲ್ಲಿ ಯಾರೋ ಇರೋದು?" ಎಂದಳು ಮ್ಯೂರಿಯಲ್.

ಅಲ್ಲಿದ್ದದ್ದು ಖಾಲಿ ಕುರ್ಚಿ. ನನ್ನ ಕೈ ತಾನಾಗಿ ರೈಲು ಬಿಟ್ಟಿತು. ಕರೆಂಟಿನ ರೈಲು, ಆದರೂ ಕಲ್ಲಿದ್ದಲ ಹೊಗೆ ಮೂಗಿಗೆ ಅಡರಿತು. ಸುರಂಗ ಹೊಕ್ಕ ರೈಲು ಹೊರಗೆ ಬರಲಿಲ್ಲ. ರಟ್ಟಿನ ಗುಡ್ಡವನ್ನು ಇಬ್ಬರೂ ಎತ್ತಿ ನೋಡಿದೆವು. ಖಾಲಿ ಹಳಿ, ಮುಟ್ಟಿದರೆ ಬಿಸಿ.

ಅಷ್ಟರಲ್ಲಿ, ರೈಲು ತಲುಪಿತೆಂದು ಆಚೆಯ ಗಂಟೆ ಹೊಡೆಯಿತು.